ಬೆಣಚ್ಚು, ಬೊಳ್ಪು, ಬೆಳಕು: ಪುಳ್ಳಿಗೆ ಒಂದು ಪತ್ರ

ಕಾಸರಗೋಡಿನ ಬದಿಯಡ್ಕದ ಬಳಿಯ ಮನೆಯಿಂದ,
ಆಟಿ ತಿಂಗಳ ಒಂದು ಬೆಳಗ್ಗೆ

ನನ್ನ ಮೊಮ್ಮಗಳು ಚಿರಂಜೀವಿ ಪುಳ್ಳಿಗೆ ಅಜ್ಜಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು. ಮಳೆ ಬಿಡುವು ಕೊಡದ ಕಾರಣ ತೋಟಕ್ಕೆ ಎರಡನೆಯ ಸಲ ಮದ್ದು ಬಿಡಲಾಗಿಲ್ಲ, ನಿನ್ನ ಅಪ್ಪನಿಗೆ ಕೊಳೆರೋಗದ ಚಿಂತೆ. ನಿನ್ನೆ ಸಂಜೆ ಮಾವಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋದದ್ದು ಇನ್ನೂ ಬಂದಿಲ್ಲ. ರಾತ್ರಿ ಕಾಲುದೀಪ ಹಚ್ಚಿಟ್ಟು ಊಟ ಮಾಡಿದೆವು. ಈಗ ಅದನ್ನೇ ಬಿಂಬುಳಿ ಮತ್ತು ಬೂದಿ ಹಾಕಿ ತಿಕ್ಕಿ, ತೊಳೆದು, ಜಗಲಿಯಲ್ಲಿ ಒಣಗಲು ಇಟ್ಟು ಬಂದು ಬರೆಯಲು ಕುಳಿತಿದ್ದೇನೆ.

ನಿನ್ನ ಅಮ್ಮ ಎಲ್ಲವನ್ನೂ ಹೇಳಿದಳು. ಹಾಸ್ಟೆಲಿನ ಕೋಣೆಗೆ ಕತ್ತಲಾದಾಗ ನೀನು ಗೆಳತಿಯೊಡನೆ ‘ಬೆಣಚ್ಚು ಹಾಕು’ ಎಂದೆಯಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ. ಮರುದಿನ ಊಟದ ಮನೆಯಲ್ಲಿಯೂ ಅದೇ ಮಾತನ್ನು ಎತ್ತಿ ನಕ್ಕರಂತೆ. ನಿನಗೆ ‘ಬೆಣಚ್ಚು’ ಎಂದೇ ಅಡ್ಡಹೆಸರಾಯಿತಂತೆ. ಅಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹುಡುಗಿಯರು ನಗುತ್ತಾರೆ, ನಾಲ್ಕು ದಿನದಲ್ಲಿ ಮರೆಯುತ್ತಾರೆ. ಆದರೆ ನೀನು ಆ ಮೇಲೆ ಮನೆಗೆ ಫೋನ್ ಮಾಡುವಾಗಲೂ ಮನೆಮಾತು ಬಿಟ್ಟು ಪುಸ್ತಕದ ಕನ್ನಡದಲ್ಲಿ ಮಾತನಾಡುತ್ತಿರುವೆ ಎಂದು ಕೇಳಿ ನನಗೆ ತಡೆಯಲಾಗಲಿಲ್ಲ. ನಿನ್ನ ಅಮ್ಮ ಫೋನ್ ಇಟ್ಟು ಅತ್ತಳು.

ನೀನು ನನಗೆ ಮೊಬೈಲಿನಲ್ಲಿ ಕಳುಹಿಸಿದ ಸಂದೇಶದಲ್ಲಿ ಎರಡು ಪ್ರಶ್ನೆಗಳಿದ್ದವು. ಬೆಣಚ್ಚು ಎಂಬುದು ಬೆಳಕು ಕೆಟ್ಟು ಆದ ಪದವೇ? ಬೆಳಕು ಎಲ್ಲಿಂದ ಬಂತು, ಬೆಳೆ ಎಂಬುದರಿಂದಲೇ? ಪ್ರಶ್ನೆ ಕೇಳಿದ್ದು ನನಗೆ ಬಹಳ ಸಂತೋಷ. ಮೊಬೈಲಿನಲ್ಲಿ ಉತ್ತರ ಬರೆಯುವಷ್ಟು ನನ್ನ ಬೆರಳುಗಳಿಗೆ ವೇಗವಿಲ್ಲ, ವಿಷಯವೂ ಅಷ್ಟು ಚಿಕ್ಕದಲ್ಲ. ಆದ್ದರಿಂದ ಕಾಗದ. ತಾಳ್ಮೆಯಿಂದ ಓದು.

ಮೊದಲು ಅಡುಗೆಮನೆಗೆ ಬಾ. ಅಲ್ಲಿ ಬೆಣ್ಣೆ ಇದೆ. ಬೆಣ್ಣೆ ಎಂದರೆ ಬೆಳ್ ಮತ್ತು ನೆಯ್ ಸೇರಿ ಆದ ಪದ. ನೆಯ್ ಎಂದರೆ ತುಪ್ಪ, ಜಿಡ್ಡು. ಮಲಯಾಳದವರು ಇವತ್ತಿಗೂ ತುಪ್ಪವನ್ನು ನೆಯ್ಯ್ ಎಂದೇ ಕರೆಯುತ್ತಾರೆ. ಬಿಳಿಯ ನೆಯ್ ಬೆಣ್ಣೆ, ಎಳ್ಳಿನ ನೆಯ್ ಎಣ್ಣೆ. (ಹಾಗಾಗಿ ನಾವು ದೀಪಕ್ಕೆ ಹಾಕುವ ‘ಎಳ್ಳೆಣ್ಣೆ’ಯಲ್ಲಿ ಎಳ್ಳು ಎರಡು ಸಲ ಇದೆ, ನೋಡು. ಎಣ್ಣೆಯೊಳಗಿನ ಎಳ್ಳನ್ನು ನಾವು ಮರೆತದ್ದರಿಂದ ಇನ್ನೊಮ್ಮೆ ಸೇರಿಸಬೇಕಾಯಿತು.) ಅದರ ಪಕ್ಕದಲ್ಲಿ ಬೆಳ್ಳುಳ್ಳಿ, ಎಂದರೆ ಬಿಳಿಯ ಉಳ್ಳಿ. ನೆರೆಮನೆಯವರ ವೆಳುತ್ತುಳ್ಳಿಯೂ ಬಿಳಿಯ ಉಳ್ಳಿಯೇ. ಕುಚ್ಚಲಕ್ಕಿಯ ಡಬ್ಬಿಯ ಆಚೆ ಬೆಳ್ತಿಗೆ ಅಕ್ಕಿ. ದೇವರ ಮನೆಯಲ್ಲಿ ಬೆಳ್ಳಿಯ ಬಟ್ಟಲು. ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ, ಬಿಳಿಯ ಹಕ್ಕಿ. ಅಂಗಳದಲ್ಲಿ ಬೆಳದಿಂಗಳು: ಬೆಳ್ ಜೊತೆಗೆ ತಿಂಗಳು, ತಿಂಗಳು ಎಂದರೆ ಚಂದ್ರ. ತೆಲುಗರ ವೆನ್ನೆಲ ಕೂಡ ಹೀಗೆಯೇ ಕಟ್ಟಿದ ಪದ, ಅವರಿಗೆ ನೆಲ ಎಂದರೆ ಚಂದ್ರ. ಬೆಳಗಿನ ಜಾವ ಪೂರ್ವದಲ್ಲಿ ಕಾಣುವ ಶುಕ್ರನನ್ನು ನಾವು ಬೆಳ್ಳಿ ಎನ್ನುತ್ತೇವೆ. ‘ಬೆಳ್ಳಿ ಮೂಡಿತು, ಏಳು’ ಎಂದು ನನ್ನ ಅತ್ತೆ ನನ್ನನ್ನು ಎಬ್ಬಿಸುತ್ತಿದ್ದರು. ಮಲಯಾಳದಲ್ಲಿಯೂ ಆ ಗ್ರಹ ವೆಳ್ಳಿ, ಆದ್ದರಿಂದ ಶುಕ್ರವಾರ ಅವರಿಗೆ ವೆಳ್ಳಿಯಾೞ್ಚ.

ಇವೆಲ್ಲದರ ಒಳಗೆ ಒಂದೇ ಬೇರು ಇದೆ. ನಮ್ಮಲ್ಲಿ ಬೆಳ್, ತಮಿಳು ಮಲಯಾಳಗಳಲ್ಲಿ ವೆಳ್. ಬಿಳಿ, ಶುಭ್ರ, ಹೊಳೆಯುವುದು ಎಂಬ ಮೂರೂ ಅರ್ಥ ಅದಕ್ಕೆ ಒಟ್ಟಿಗೆ ಇವೆ. ಬೆಳಕು, ಬೆಳಗು, ಬೆಳಗ್ಗೆ ಎಂಬವು ಈ ಬಳಗದವು. ನಮ್ಮ ಹಿರಿಯರ ಕಣ್ಣಿಗೆ ಬೆಳಕು ಎಂದರೆ ಮೊದಲು ಬಿಳಿಯಾಗುವುದು. ಸೂರ್ಯ ಕಾಣುವ ಮೊದಲೇ ಗುಡ್ಡದ ಮೇಲಿನ ಆಕಾಶ ಬಿಳುಪಾಗುತ್ತದಲ್ಲ, ಆ ಹೊತ್ತು ಬೆಳಗು. ‘ಬೆಳ್ಳಂಬೆಳಗ್ಗೆ’ ಎನ್ನುವಾಗ ಆ ಬಿಳುಪನ್ನು ಎರಡು ಸಲ ಹೇಳುತ್ತೇವೆ.

ಕನ್ನಡದಲ್ಲಿ ದೀಪಕ್ಕೆ ಸೊಡರು ಎಂಬ ಇನ್ನೊಂದು ಹಳೆಯ ಪದವಿದೆ. ಅದು ಬೇರೆ ಮನೆಯದು. ಸುಡು ಎಂಬುದಕ್ಕೆ ಸೇರಿದ್ದು. ತಮಿಳರ ಚುಡರ್, ತುಳುವಿನ ತುಡರ್ ಅದರ ಒಡಹುಟ್ಟುಗಳು. ತುಳುವರು ದೀಪಾವಳಿಯನ್ನು ತುಡರ ಪರ್ಬ ಎನ್ನುವುದು ನಿನಗೆ ಗೊತ್ತೇ ಇದೆ. ಸೊಡರು ಎಂದವರಿಗೆ ಬತ್ತಿ ಸುಡುವುದು ಕಂಡಿತು. ಬೆಳಕು ಎಂದವರಿಗೆ ಕೋಣೆ ಬೆಳ್ಳಗಾಗುವುದು ಕಂಡಿತು. ಒಂದೇ ದೀಪ, ನೋಡಿದ ಕಡೆ ಬೇರೆ. ಸೊಡರು ಎಂಬ ಪದ ಈಗ ನಮ್ಮ ಬಾಯಿಂದ ಹೋಗಿ ಪುಸ್ತಕದಲ್ಲಿ ಮಾತ್ರ ಉಳಿದದ್ದು ನನಗೆ ದುಃಖದ ಸಂಗತಿ.

ಈಗ ವಿಳಕ್ಕ್ ಎಂಬ ಪದಕ್ಕೆ ಬರುತ್ತೇನೆ. ನೀನು ಚಿಕ್ಕವಳಿದ್ದಾಗ ಕೆಳಗಿನ ಮನೆಯ ಅಮ್ಮ ಮುಸ್ಸಂಜೆ ಹೊತ್ತಿಗೆ ಬೇಲಿಯ ಆಚೆಯಿಂದ ‘ವಿಳಕ್ಕ್ ಕೊಳುತ್ತಿಯೋ?’ ಎಂದು ಕೇಳುತ್ತಿದ್ದದ್ದು ನೆನಪಿದೆಯೇ? ದೀಪ ಹಚ್ಚಿ ಆಯಿತೇ ಎಂದು. ನೀನು ಓಡಿ ಬಂದು, ‘ಅಜ್ಜಿ, ಅವರು ಬೆಳಕು ಎನ್ನುವುದಕ್ಕೆ ಹೋಗಿ ವಿಳಕ್ಕು ಎನ್ನುತ್ತಾರೆ’ ಎಂದಿದ್ದೆ. ಆರು ವರ್ಷದ ನಿನ್ನ ಕಿವಿ ಹಿಡಿದದ್ದು ಸರಿಯಾಗಿತ್ತು. ಆದರೆ ಅವರು ತಪ್ಪು ಹೇಳಿದ್ದಲ್ಲ, ನಾವೂ ಅಲ್ಲ. ಎರಡೂ ಒಂದೇ ಪದ.

ಹೇಗೆ ಎಂದು ನೀನೇ ಪರೀಕ್ಷಿಸಿ ನೋಡು, ನನ್ನ ಮಾತನ್ನು ನಂಬಬೇಕಾಗಿಲ್ಲ. ಮಲಯಾಳದಲ್ಲಿ ಪದದ ಮೊದಲು ವ ಇರುವಲ್ಲಿ ನಮ್ಮಲ್ಲಿ ಬ ಇರುತ್ತದೆ. ಅವರ ವಾಯ್ ನಮ್ಮ ಬಾಯಿ, ಅವರ ವೇರ್ ನಮ್ಮ ಬೇರು, ಅವರ ವಿಲ್ಲ್ ನಮ್ಮ ಬಿಲ್ಲು, ಅವರ ವಾೞ ನಮ್ಮ ಬಾಳೆ. ಇದು ಒಂದು. ಇನ್ನೊಂದು ಇದಕ್ಕಿಂತ ಸೊಗಸಾದದ್ದು. ಎರಡನೆಯ ಅಕ್ಷರದಲ್ಲಿ ಅಕಾರವಿದ್ದರೆ, ಮೊದಲನೆಯದರಲ್ಲಿ ಅವರಿಗೆ ಇಕಾರ ಇರುವಲ್ಲಿ ನಮಗೆ ಎಕಾರ, ಅವರಿಗೆ ಉಕಾರ ಇರುವಲ್ಲಿ ನಮಗೆ ಒಕಾರ. ಇಲ ಎಂದರೆ ಎಲೆ. ಕುಡ ಎಂದರೆ ಕೊಡೆ. ಪುಗ ಎಂದರೆ ಹೊಗೆ. ಈ ಎರಡನ್ನೂ ಒಟ್ಟಿಗೆ ಸೇರಿಸು: ವಿರಲ್ ಇದ್ದದ್ದು ಬೆರಳು, ವಿಲ ಇದ್ದದ್ದು ಬೆಲೆ. ಹಾಗಾದರೆ ವಿಳಕ್ಕ್? ಬೆಳಕು. ಚುಡರ್ ಮತ್ತು ಸೊಡರು ಕೂಡ ಈ ಲೆಕ್ಕಕ್ಕೇ ಸಿಗುತ್ತವೆ. ನಾಲ್ವತ್ತು ವರ್ಷಗಳ ಹಿಂದೆ ಇದು ನನಗೆ ಹೊಳೆದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಎದ್ದು ಕುಳಿತು ಒಂದೊಂದೇ ಪದವನ್ನು ಬರೆದು ನೋಡಿದೆ. ನಿನ್ನ ಅಜ್ಜ ಮಗ್ಗಿ ಬರೆಯುತ್ತಿದ್ದೀಯಾ ಎಂದು ಕೇಳಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ, ಏಕೆಂದರೆ ಪದದ ಒಳಗಿನ ಕೆಲಸ ಕಾಣುವುದು ಅಲ್ಲಿ. ಮಲಯಾಳದಲ್ಲಿ ವಿಳಙ್ಙುಕ ಎಂದರೆ ತಾನಾಗಿ ಹೊಳೆಯುವುದು. ವಿಳಕ್ಕುಕ ಎಂದರೆ ಇನ್ನೊಂದನ್ನು ಹೊಳೆಯುವಂತೆ ಮಾಡುವುದು. ತಮಿಳಿನಲ್ಲಿಯೂ ಹಾಗೆಯೇ, ವಿಳಂಗು ಮತ್ತು ವಿಳಕ್ಕು. ನಮ್ಮಲ್ಲಿ ಈ ಬಗೆಯ ಜೋಡಿ ಇದೆಯೇ ಎಂದರೆ ಇದೆ: ಅಡಗು ಮತ್ತು ಅಡಕು. ತಾನಾಗಿ ಅವಿತುಕೊಳ್ಳುವುದು ಅಡಗು. ಅಡಕೆಯನ್ನು ಚೀಲಕ್ಕೆ ಒತ್ತಿ ತುಂಬುವುದು ಅಡಕು. ಅದೇ ಅಚ್ಚಿನಲ್ಲಿ ಬೆಳಗು ಮತ್ತು ಬೆಳಕು ಎರಕವಾಗಿವೆ. ಮಲಯಾಳದವರು ಹೊಳೆಯಿಸುವ ವಸ್ತುವಿಗೆ ಆ ಹೆಸರನ್ನು ಇಟ್ಟರು, ಅದು ದೀಪವಾಯಿತು. ನಾವು ಆ ವಸ್ತುವಿನಿಂದ ಕೋಣೆಯಲ್ಲಿ ಹರಡುವುದಕ್ಕೆ ಇಟ್ಟೆವು.

ಕನ್ನಡದ ಬೆಳಗು ಎಂಬ ಕ್ರಿಯಾಪದವಂತೂ ಎರಡೂ ಕೆಲಸವನ್ನು ಒಬ್ಬಳೇ ಮಾಡುವ ಸೊಸೆಯ ಹಾಗೆ. ದೀಪ ಬೆಳಗುತ್ತದೆ, ತಾನಾಗಿ. ನಾವು ದೇವರಿಗೆ ಆರತಿ ಬೆಳಗುತ್ತೇವೆ. ಪಾತ್ರೆಯನ್ನೂ ಬೆಳಗುತ್ತೇವೆ, ಎಂದರೆ ತಿಕ್ಕಿ ತೊಳೆಯುತ್ತೇವೆ. ನಮ್ಮ ಕಡೆ ತಿಕ್ಕುವುದು, ತೊಳೆಯುವುದು ಎಂಬ ಮಾತೇ ಹೆಚ್ಚು; ಆದರೆ ಘಟ್ಟದ ಮೇಲೆ ನಿನ್ನ ಈಗಿನ ಊರಿನ ಕಡೆ ಪಾತ್ರೆ ಬೆಳಗುವುದು ಎಂದು ಹೇಳುವುದನ್ನು ಕೇಳಿದ್ದೇನೆ. ನೀನೂ ಕಿವಿ ಕೊಟ್ಟು ಕೇಳು. ತಮಿಳರು ಪಾತ್ರೆ ತಿಕ್ಕುವುದಕ್ಕೆ ವಿಳಕ್ಕು ಎನ್ನುತ್ತಾರೆ, ಅರ್ಥವಾಗದ ಪಾಠವನ್ನು ಬಿಡಿಸಿ ಹೇಳುವುದಕ್ಕೂ ಅದೇ ಮಾತು. ವಿವರಣೆ ಅವರಿಗೆ ವಿಳಕ್ಕಂ. ಸಂಸ್ಕೃತದ ವಿಶದ ಎಂಬ ಪದಕ್ಕೂ ಬಿಳಿ, ಸ್ವಚ್ಛ, ಸ್ಪಷ್ಟ ಎಂಬ ಅರ್ಥಗಳೇ ಇರುವುದು. ವಿಶದವಾಗಿ ಹೇಳು ಎಂದರೆ ಬೆಳ್ಳಗೆ ಮಾಡಿ ಹೇಳು ಎಂದಂತೆ. ಇಂದು ಬೆಳಗ್ಗೆ ಆ ಕಾಲುದೀಪದ ಕಿಲುಬನ್ನು ಉಜ್ಜುತ್ತಿದ್ದಾಗ ನನಗೆ ಈ ಮೂರೂ ಅರ್ಥ ಒಂದೇ ಕೈಯಲ್ಲಿ ಇರುವಂತೆ ಅನಿಸಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ನಾನು ಮಾಡಿದ್ದೂ ಇದೇ ತಾನೇ.

ಈಗ ನಿನ್ನ ಬೆಣಚ್ಚು. ಬೆಳಕು ಎಂಬುದಕ್ಕೆ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ವೆಳಿಚ್ಚಂ ಎನ್ನುತ್ತಾರೆ. ನಮ್ಮ ಹವ್ಯಕರ ಮನೆಗಳಲ್ಲಿ ಬೆಣಚ್ಚು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನಿಧಾನವಾಗಿ ಹೇಳಿ ನೋಡು: ವೆಳಿಚ್ಚಂ, ಬೆಣಚ್ಚು. ವ ಇರುವಲ್ಲಿ ಬ. ಕೊನೆಗೆ ಅದೇ ಚ್ಚ. ಇದು ಬೆಳಕು ಎಂಬುದನ್ನು ಉಚ್ಚರಿಸಲು ಬಾರದೆ ಕೆಡಿಸಿಕೊಂಡ ಪದ ಎಂದು ನಾನು ಒಪ್ಪುವುದಿಲ್ಲ. ಬೆಳಕು ಎಂಬುದರ ಮಗಳಲ್ಲ ಅದು, ಅದೇ ಮನೆಯ ಇನ್ನೊಬ್ಬ ಅಕ್ಕ. ಪುಸ್ತಕದ ದಾರಿ ಹಿಡಿಯದೆ ಮನೆಯಲ್ಲಿ ಉಳಿದವಳು. ನಿನ್ನ ಗೆಳತಿಯರು ನಕ್ಕದ್ದು ಪರಿಚಯವಿಲ್ಲದ್ದರಿಂದ. ಅವರಿಗೆ ಈ ಅಕ್ಕನನ್ನು ಯಾರೂ ತೋರಿಸಿರಲಿಲ್ಲ.

ಹೀಗೆ ನಗುವವರ ಮೇಲೆ ಕೋಪ ಮಾಡುವ ಹಕ್ಕು ನನಗಿಲ್ಲ ಎಂಬುದನ್ನು ನಿನಗೆ ಹೇಳಿಬಿಡಬೇಕು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಎರಡನೆಯ ತರಗತಿ. ಕಪ್ಪುಹಲಗೆಯಲ್ಲಿ ‘ಬೆಳಕು’ ಎಂದು ಬರೆದು, ಹಾಗೆಂದರೆ ಏನು ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅದುವರೆಗೆ ಅವನು ತಾನಾಗಿ ಎದ್ದು ಉತ್ತರ ಹೇಳಿದವನೇ ಅಲ್ಲ. ಮನೆಯಲ್ಲಿ ತುಳು ಮಾತನಾಡುವವನು. ಮುಖದಲ್ಲಿ ಅಷ್ಟು ಹುರುಪು. ‘ಬೊಳ್ಪು’ ಎಂದ. ನಾನು, ‘ಅದು ಕನ್ನಡವಲ್ಲ, ತಪ್ಪು. ಕುಳಿತುಕೋ’ ಎಂದೆ. ತರಗತಿ ಇಡೀ ನಕ್ಕಿತು. ನಾನು ನಗಬೇಡಿ ಎನ್ನಲಿಲ್ಲ. ನಾನೂ ಸ್ವಲ್ಪ ನಕ್ಕೆ, ಪುಳ್ಳಿ. ಆ ವರ್ಷ ಮುಗಿಯುವವರೆಗೆ ಅವನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಅದಕ್ಕೆ ನನ್ನ ಮಾತೇ ಕಾರಣ ಎನ್ನಲಾರೆ, ಮನೆಯಲ್ಲಿ ಕಷ್ಟವಿತ್ತು. ಆದರೆ ಅವನನ್ನು ಉಳಿಸಿಕೊಳ್ಳಬಹುದಾದ ಒಂದು ಎಳೆಯನ್ನು ನಾನೇ ಕಡಿದೆ ಎಂಬುದು ನನಗೆ ಗೊತ್ತು.

ಎಷ್ಟೋ ವರ್ಷಗಳ ಬಳಿಕ ಕಿಟೆಲರ ನಿಘಂಟು ನನ್ನ ಕೈಗೆ ಬಂತು. ಅದರಲ್ಲಿ ಬೆಳ್ಪು ಎಂಬ ಹಳೆಗನ್ನಡ ಪದವನ್ನು ಕಂಡೆ: ಬಿಳುಪು, ಹೊಳಪು ಎಂದು ಅರ್ಥ. ಕನ್ನಡದ ಎಕಾರ ತುಳುವಿನಲ್ಲಿ ಒಕಾರವಾಗುವುದು ನಮ್ಮ ಊರಿನವರಿಗೆ ಹೇಳಿಕೊಡಬೇಕಾದದ್ದಲ್ಲ, ಹೆಣ್ಣು ಅಲ್ಲಿ ಪೊಣ್ಣು, ಬೆಳ್ಳಿ ಅಲ್ಲಿ ಬೊಳ್ಳಿ. ಬೆಳ್ಪು ಅಲ್ಲಿ ಬೊಳ್ಪು. ಹಲಗೆಯ ಮೇಲೆ ನಾನು ಬರೆದ ಪದಕ್ಕಿಂತ ಆ ಹುಡುಗನ ಬಾಯಲ್ಲಿದ್ದದ್ದು ಹಳೆಗನ್ನಡಕ್ಕೆ ಹತ್ತಿರದ್ದಾಗಿತ್ತು. ಆ ಪುಟವನ್ನು ಮುಚ್ಚಿ ನಾನು ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ಅವನನ್ನು ಮತ್ತೆ ನಾನು ನೋಡಿಲ್ಲ. ಅಂದಿನಿಂದ ನಿವೃತ್ತಿಯವರೆಗೆ, ಮಗು ಮನೆಮಾತಿನ ಪದ ಹೇಳಿದರೆ ಅದನ್ನು ಹಲಗೆಯ ಒಂದು ಬದಿಯಲ್ಲಿ ಬರೆದು, ಅದರ ಪಕ್ಕದಲ್ಲಿ ಪುಸ್ತಕದ ಪದವನ್ನು ಬರೆಯುತ್ತಿದ್ದೆ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಒಂದೇ ತರಗತಿಯಲ್ಲಿ ಇರುತ್ತಿದ್ದವು. ಹಲಗೆ ಸಾಲುತ್ತಿರಲಿಲ್ಲ.

ನಿಘಂಟಿನ ಮಾತು ಬಂದದ್ದರಿಂದ ಒಂದು ವಿಷಯ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂದವು. ಮೂವರೂ ಬಾಸೆಲ್ ಮಿಶನ್ನಿನವರು, ಮೂರು ಪುಸ್ತಕವೂ ಹೊರಟದ್ದು ಮಂಗಳೂರಿನಿಂದ. ನಮ್ಮ ಮನೆಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಆ ಊರಿನಲ್ಲಿ, ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ, ವಿಳಕ್ಕ್, ಬೊಳ್ಪು, ಬೆಳಕು ಮೂರನ್ನೂ ಅಚ್ಚುಮೊಳೆಯಲ್ಲಿ ಜೋಡಿಸಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕಿಟೆಲರು ಕನ್ನಡ ಪದದ ಜೊತೆಗೆ ತಮಿಳು, ಮಲಯಾಳ, ತೆಲುಗು, ತುಳುಗಳ ಒಡಹುಟ್ಟುಗಳನ್ನೂ ಕೊಡುತ್ತಾರೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿದ ನಾಲ್ಕು ಸಂಪುಟಗಳು ನಿನ್ನ ಕಾಲೇಜಿನ ಗ್ರಂಥಾಲಯದಲ್ಲಿ ಇರಬಹುದು. ಕೇಳು. ವಿಜ್ಞಾನದ ವಿದ್ಯಾರ್ಥಿನಿಗೆ ಇದೆಲ್ಲ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವ ಅಗತ್ಯವಿಲ್ಲ, ಓದು.

ನಿನ್ನ ಎರಡನೆಯ ಪ್ರಶ್ನೆ ಉಳಿಯಿತು. ಬೆಳಕಿನಿಂದ ಬೆಳೆ ಬೆಳೆಯುತ್ತದೆ, ಆದ್ದರಿಂದ ಬೆಳೆ ಎಂಬುದರಿಂದಲೇ ಬೆಳಕು ಹುಟ್ಟಿತು ಎಂದು ಬರೆದಿದ್ದೆ. ಯೋಚನೆ ಚೆಂದವಾಗಿದೆ, ಕವಿತೆ ಬರೆಯುವುದಾದರೆ ಬರೆ. ಆದರೆ ಪದದ ಮೂಲ ಎಂದು ಯಾರ ಮುಂದೆಯೂ ಹೇಳಬೇಡ. ಬೆಳೆ ಎಂಬುದರ ಜೊತೆಗಾರ ಮಲಯಾಳದ ವಿಳ, ಎಂದರೆ ಪೈರು, ಫಸಲು. ಸದ್ದಿನ ನಿಯಮ ಎರಡಕ್ಕೂ ಒಂದೇ ಆದ್ದರಿಂದ ಸದ್ದನ್ನು ಮಾತ್ರ ಕೇಳಿದರೆ ಮೋಸ ಹೋಗುತ್ತೇವೆ. ಆಗ ಬಳಗವನ್ನು ಕೇಳಬೇಕು. ಬೆಳ್ ಬಳಗದಲ್ಲಿ ಯಾರ ಮನೆಗೆ ಹೋದರೂ ಬಿಳುಪು ಇದೆ, ಬೆಣ್ಣೆಯಲ್ಲಿ, ಬೆಳ್ಳಿಯಲ್ಲಿ, ಬೆಳ್ಳಕ್ಕಿಯಲ್ಲಿ, ಬೆಳದಿಂಗಳಲ್ಲಿ. ಬೆಳೆ, ಬೆಳೆಸು, ಬೆಳವಣಿಗೆ ಇವುಗಳಲ್ಲಿ ಎಲ್ಲಿಯೂ ಬಿಳುಪು ಇಲ್ಲ, ಮಾಗುವುದು, ದೊಡ್ಡದಾಗುವುದು ಇದೆ. ಬೇರೆ ಸಂಸಾರ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಪದ ಹುಡುಕುವವರಿಗಾಗಿಯೇ ಹುಟ್ಟಿದಂತಿದೆ. ಶ್ರವಣಬೆಳಗೊಳದ ಬೆಳಗೊಳ ನಿಜವಾಗಿ ಬಿಳಿಯ ಕೊಳ. ಆದರೆ ಬೆಳಗಾವಿಯಲ್ಲಿ ಬೆಳಗನ್ನು ಹುಡುಕಲು ಹೋಗಬೇಡ, ಅದರ ಹಳೆಯ ಹೆಸರು ವೇಣುಗ್ರಾಮ, ಬಿದಿರಿನ ಊರು. ನಮ್ಮ ಚಂದ್ರಗಿರಿ ಹೊಳೆ ಬಿಸಿಲಿಗೆ ಹೊಳೆಯುತ್ತದೆ ಎಂದು ನಾನೇ ಒಮ್ಮೆ ಪಾಠದಲ್ಲಿ ಹೇಳಿ, ಅದಕ್ಕೇ ಹೊಳೆ ಎಂದು ಹೆಸರು ಎಂದುಬಿಟ್ಟಿದ್ದೆ. ನದಿಯ ಹೊಳೆ ಮಲಯಾಳದ ಪುೞಕ್ಕೆ ಜೋಡಿ. ಆ ೞ ಎಂಬ ಅಕ್ಷರ ಹಳೆಗನ್ನಡದಲ್ಲಿ ನಮಗೂ ಇತ್ತು; ಅದು ಕ್ರಮೇಣ ಳ ಎಂಬುದರಲ್ಲಿ ಕರಗಿಹೋದ್ದರಿಂದ ಮೞೆ ಮಳೆಯಾಯಿತು, ಏೞು ಏಳಾಯಿತು, ನದಿಯ ಹೊಳೆಯೂ ಮಿನುಗುವ ಹೊಳೆಯೂ ಒಂದೇ ವೇಷ ತೊಟ್ಟವು. ಮಲಯಾಳದವರು ಆ ೞಕಾರವನ್ನು ಬಿಡದೆ ಉಳಿಸಿಕೊಂಡಿದ್ದಾರೆ. ನಮ್ಮ ಪದದ ಹಳೆಯ ಗುರುತು ನೆರೆಮನೆಯವರ ಬಾಯಲ್ಲಿ ಸಿಗುತ್ತದೆ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡಕ್ಕಾಗಿ ಇಲ್ಲಿನ ಹಿರಿಯರು ಪಟ್ಟ ಪಾಡು ನನಗೆ ಗೊತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಬದಿಯಡ್ಕದವರು, ಅವರ ಮಾತು ಕೇಳುತ್ತಾ ಬೆಳೆದವಳು ನಾನು. ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ ಉಳಿಯಬೇಕು ಎಂಬುದರಲ್ಲಿ ನನ್ನ ನಿಲುವು ಒಂದಿಷ್ಟೂ ಸಡಿಲವಾಗಿಲ್ಲ. ಆದರೆ ಆ ಬಿಸಿಯಲ್ಲಿ, ‘ಮಲಯಾಳ ನಮ್ಮಿಂದ ಹೋದದ್ದು’, ‘ಕನ್ನಡ ಅವರಿಂದ ಬಂದದ್ದು’ ಎಂಬ ಜಗಳಕ್ಕೆ ನೀನು ಇಳಿಯಬಾರದು. ವಿಳಕ್ಕ್ ಬೆಳಕಿನಿಂದ ಹುಟ್ಟಿದ್ದಲ್ಲ, ಬೆಳಕು ವಿಳಕ್ಕಿನಿಂದ ಹುಟ್ಟಿದ್ದಲ್ಲ. ಎರಡೂ ಒಬ್ಬಳೇ ತಾಯಿಯ ಮಕ್ಕಳು. ತೆಲುಗಿನ ವೆಲುಗು ಕೂಡ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೊಂದು ಭಾಷೆ ಕಲಿತು ಕನ್ನಡದ ಕೆಲಸ ಮಾಡಿದರು! ಇನ್ನೊಂದು ಭಾಷೆ ತಿಳಿದದ್ದರಿಂದ ಅವರ ಕನ್ನಡಕ್ಕೆ ಕೊರತೆಯಾಗಲಿಲ್ಲ. ನಿನ್ನ ಕೋಣೆಯಲ್ಲಿ ಕಣ್ಣೂರಿನ ಹುಡುಗಿ ಇದ್ದಾಳೆ ಎಂದಿದ್ದೆಯಲ್ಲ, ಅವಳೊಡನೆ ಕುಳಿತು ಮೇಲಿನ ಪಟ್ಟಿಯನ್ನು ಉದ್ದ ಮಾಡು. ನಾನು ಬರೆದದ್ದು ಹತ್ತೋ ಹನ್ನೆರಡೋ ಪದ. ಇಬ್ಬರೂ ಸೇರಿದರೆ ಒಂದು ರಾತ್ರಿಯಲ್ಲಿ ನೂರು ಸಿಕ್ಕೀತು. ಹೊಂದದ ಪದ ಸಿಕ್ಕಿದರೆ ಎಳೆದು ಹೊಂದಿಸಬೇಡ, ಬೇರೆ ಪುಟದಲ್ಲಿ ಬರೆದಿಡು.

ನಿನ್ನನ್ನು ನೋಡಿ ನಕ್ಕವರಿಗೆ ಏನು ಹೇಳಬೇಕು ಎಂದು ನೀನು ಕೇಳಬಹುದು. ಏನೂ ಹೇಳಬೇಡ, ಕೇಳು. ಅವರವರ ಮನೆಯಲ್ಲಿ ಅಜ್ಜಿ ಬೆಳಕಿಗೆ ಏನೆನ್ನುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳು. ನಸುಕಿಗೆ ಏನೆನ್ನುತ್ತಾರೆ, ದೀಪದ ಕುಡಿಗೆ ಏನೆನ್ನುತ್ತಾರೆ, ಪಾತ್ರೆ ತಿಕ್ಕುವುದಕ್ಕೆ ಏನೆನ್ನುತ್ತಾರೆ. ಯಾರೂ ಹಾಗೆ ಕೇಳದೆ ಇದ್ದ ಕಾರಣ ಅವರೂ ಒಂದೆರಡು ಪದಗಳನ್ನು ಬಾಯೊಳಗೇ ನುಂಗಿ ಹಾಸ್ಟೆಲಿಗೆ ಬಂದಿರುತ್ತಾರೆ. ಯಾರಾದರೂ ಹೇಳಿದಾಗ ನಗಬೇಡ, ಇನ್ನೊಬ್ಬರಿಗೆ ನಗಲು ಬಿಡಬೇಡ. ಅಷ್ಟು ಮಾಡಿದರೆ ನಾನು ಆ ಹುಡುಗನಿಗೆ ಮಾಡದೆ ಹೋದದ್ದನ್ನು ನೀನು ಮಾಡಿದ ಹಾಗಾಗುತ್ತದೆ.

ಪರೀಕ್ಷೆಯಲ್ಲಿ, ಸಭೆಯಲ್ಲಿ, ಅರ್ಜಿಯಲ್ಲಿ ಬೆಳಕು ಎಂದೇ ಬರೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ, ತಪ್ಪಿಲ್ಲದೆ ಕಲಿ. ಅದರಲ್ಲಿ ನಾನು ಎಂದೂ ರಿಯಾಯಿತಿ ಕೊಟ್ಟವಳಲ್ಲ, ಈಗಲೂ ಕೊಡುವುದಿಲ್ಲ. ಈ ಪತ್ರವನ್ನೂ ನೋಡು, ಅದರಲ್ಲಿಯೇ ಬರೆದಿದ್ದೇನೆ. ಆದರೆ ರಾತ್ರಿ ಎಂಟು ಗಂಟೆಗೆ ನಿನ್ನ ಅಮ್ಮ ಫೋನ್ ಹಿಡಿದು ಕುಳಿತಿರುತ್ತಾಳೆ. ಅವಳೊಡನೆ ಮನೆಮಾತಿನಲ್ಲಿ ಮಾತನಾಡು. ಅವಳು ಮೊದಲ ಸಲ ನಿನ್ನನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ಚಂದ್ರನನ್ನು ತೋರಿಸಿದಾಗ ಹೇಳಿದ ಪದ ಬೆಣಚ್ಚು. ನಾನು ಪಕ್ಕದಲ್ಲಿ ನಿಂತಿದ್ದೆ.

ಹಲಸಿನ ಹಪ್ಪಳ ಐವತ್ತು, ಮಾವಿನ ಹಣ್ಣಿನ ಮಾಂಬಳ ಒಂದು ಕಟ್ಟು, ನಾಡಿದ್ದು ಮೈಸೂರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಹಪ್ಪಳವನ್ನು ಕೋಣೆಯವರಿಗೆಲ್ಲ ಹಂಚು, ನಕ್ಕವರಿಗೂ ಕೊಡು. ಅದರೊಡನೆ ಒಂದು ದಪ್ಪ ನೋಟ್ ಪುಸ್ತಕ ಇದೆ. ಮೊದಲ ಪುಟದಲ್ಲಿ ಬೊಳ್ಪು ಎಂದು ನಾನೇ ಬರೆದಿದ್ದೇನೆ. ಉಳಿದದ್ದು ನಿನ್ನದು. ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ, ಓದಿ ಹೇಳು, ನನ್ನ ಕಣ್ಣಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ.

ಮಳೆ ಸ್ವಲ್ಪ ನಿಂತಿದೆ. ನಿನ್ನ ಅಪ್ಪ ಮದ್ದಿನ ಡ್ರಮ್ಮು ಎತ್ತುತ್ತಿರುವ ಸದ್ದು ಕೇಳುತ್ತಿದೆ. ಕಾಫಿ ಇಡಬೇಕು.

ಇತಿ,
ನಿನ್ನ ಅಜ್ಜಿ